ಸರ್ಟಿಫಿಕೇಟ್ ಎಚ್ಚರಿಕೆ ಬಂದಾಗ ‘ಓಕೆ ಒತ್ತಿ’ ಅಂತ ದಯವಿಟ್ಟು ಹೇಳಬೇಡಿ

ಮಲೆನಾಡಿನ ಒಂದು ಅಡಿಕೆ ಸಹಕಾರ ಸಂಘದ ಮೇಲ್ ಸರ್ವರ್ ನೋಡಿಕೊಳ್ಳೋ ಕೆಲಸ ಎರಡು ತಿಂಗಳಿಂದ ನನ್ನದು. ನಲವತ್ತು ಚಿಲ್ಲರೆ ಮೇಲ್‌ಬಾಕ್ಸ್, ಬಾಡಿಗೆಗೆ ತಗೊಂಡ ಒಂದು ವಿಪಿಎಸ್ (ವರ್ಚುವಲ್ ಸರ್ವರ್), ಅದರಲ್ಲಿ ಡೆಬಿಯನ್ ಲಿನಕ್ಸ್, ಮೇಲ್ ಸಾಗಿಸೋ ಪೋಸ್ಟ್‌ಫಿಕ್ಸ್, ಬಂದ ಮೇಲ್ ಓದಿಸೋ ಡವ್‌ಕಾಟ್. ಮೊನ್ನೆ ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಅಲ್ಲಿನ ಅಕೌಂಟೆಂಟ್ ಮೇಡಂ ಫೋನ್ ಮಾಡಿದ್ರು.

“ಸರ್, ಮೇಲ್ ಬರ್ತಾ ಇಲ್ಲ. ನಾವು ಕಳ್ಸಿದ್ರೆ ಹೋಗುತ್ತೆ, ಬರೋದು ಮಾತ್ರ ನಿಂತಿದೆ. ಮೊಬೈಲಲ್ಲಿ ಸರ್ಟಿಫಿಕೇಟ್ ಸರಿ ಇಲ್ಲ ಅಂತ ತೋರಿಸ್ತಿದೆ. ಓಕೆ ಒತ್ತಿಬಿಡ್ಲಾ? ಮುಂಚೆ ನೋಡ್ಕೊಳ್ತಿದ್ದೋರು ಹಂಗೇ ಮಾಡಿ ಅಂದಿದ್ರು.”

“ಬೇಡ ಮೇಡಂ. ಒತ್ತಬೇಡಿ. ಹತ್ತು ನಿಮಿಷ ಕೊಡಿ” ಅಂದೆ.

ಸರ್ಟಿಫಿಕೇಟ್ ಅಂದರೆ ಸರ್ವರ್ ತೋರಿಸೋ ಗುರುತಿನ ಚೀಟಿ. ಕಳಿಸೋದು ಹೋಗುತ್ತೆ, ಬರೋದು ನಿಂತಿದೆ ಅಂತ ಅವರು ಹೇಳಿದ್ರಲ್ಲ, ಅರ್ಧ ಉತ್ತರ ಅದರಲ್ಲೇ ಇತ್ತು. ಕಳಿಸೋ ಬಾಗಿಲು (ಪೋರ್ಟ್) 465, ಅದನ್ನು ಕಾಯೋದು ಪೋಸ್ಟ್‌ಫಿಕ್ಸ್. ಬಂದಿದ್ದನ್ನು ಓದೋ ಬಾಗಿಲು 993, ಅಲ್ಲಿರೋದು ಡವ್‌ಕಾಟ್. ಸರ್ಟಿಫಿಕೇಟ್ ಪರೀಕ್ಷಿಸೋ ಓಪನ್‌ಎಸ್‌ಎಸ್‌ಎಲ್‌ನ ಎಸ್-ಕ್ಲೈಂಟ್ ಕಮಾಂಡ್ ಕೊಟ್ಟು ಎರಡನ್ನೂ ತಟ್ಟಿ ನೋಡಿದೆ. 465ರಲ್ಲಿ ವೆರಿಫೈ ಕೋಡ್ 0, ಅಂದರೆ ಎಲ್ಲ ಸರಿ. 993ರಲ್ಲಿ ಕೋಡ್ 10, ಸರ್ಟಿಫಿಕೇಟ್ ಅವಧಿ ಮುಗಿದಿದೆ. ಒಂದೇ ಮಷಿನ್ನು, ಒಂದೇ ಹೆಸರು, ಡಿಸ್ಕ್‌ನಲ್ಲಿ ಎರಡಕ್ಕೂ ಒಂದೇ ಫೈಲು. ಆ ಫೈಲ್ ತೆಗೆದು ನೋಡಿದರೆ ಇನ್ನೂ ಎರಡು ತಿಂಗಳು ಬಾಳಿಕೆ ಇದೆ!

ಆಗಿದ್ದು ಇಷ್ಟು. ಲೆಟ್ಸ್ ಎನ್‌ಕ್ರಿಪ್ಟ್ ಅನ್ನೋ ಸಂಸ್ಥೆ ಪುಕ್ಕಟೆ ಕೊಡೋ ಈ ಸರ್ಟಿಫಿಕೇಟ್ 90 ದಿನದ್ದು. ಇನ್ನು 30 ದಿನ ಇದೆ ಅನ್ನುವಾಗಲೇ, ಅದನ್ನು ತಾನಾಗೇ ನವೀಕರಿಸೋ ಸರ್ಟ್‌ಬಾಟ್ ಪ್ರೋಗ್ರಾಂ ಹೊಸದನ್ನು ತಂದಿಟ್ಟಿತ್ತು. ಪೋಸ್ಟ್‌ಫಿಕ್ಸ್‌ನಲ್ಲಿ ಮೇಲ್ ತಗೊಳ್ಳೋ ಪ್ರೋಸೆಸ್‌ಗಳ ಆಯಸ್ಸು ಕಮ್ಮಿ. ಸ್ವಲ್ಪ ಹೊತ್ತು ಕೆಲಸ ಮಾಡಿ ತಾವೇ ಮುಗಿಯುತ್ತವೆ, ಮುಂದಿನದು ಎದ್ದಾಗ ಹೊಸ ಫೈಲನ್ನೇ ಓದುತ್ತೆ. ಡವ್‌ಕಾಟ್ ಹಾಗಲ್ಲ. ಶುರುವಾದಾಗ ಓದಿಟ್ಟುಕೊಂಡ ಸರ್ಟಿಫಿಕೇಟನ್ನೇ, ಯಾರಾದರೂ ರೀಲೋಡ್ ಮಾಡೋ ತನಕ, ತೋರಿಸುತ್ತಾ ಇರುತ್ತೆ. ಪೂರ್ತಿ ಒಂದು ತಿಂಗಳು ಹಳೇದನ್ನೇ ತೋರಿಸಿ, ಸೋಮವಾರ ಬೆಳಗಿನ ಜಾವ ಆ ಹಳೇ ಸರ್ಟಿಫಿಕೇಟ್ ಸತ್ತುಹೋಗಿತ್ತು. ರೀಲೋಡ್ ಮಾಡಲು ಎರಡು ಸೆಕೆಂಡ್. ಸರ್ಟ್‌ಬಾಟ್‌ನ ಡೆಪ್ಲಾಯ್ ಹುಕ್ ಫೋಲ್ಡರ್‌ನಲ್ಲಿ (ಹೊಸ ಸರ್ಟಿಫಿಕೇಟ್ ಬಂದಾಗಲೆಲ್ಲ ಓಡೋ ಸ್ಕ್ರಿಪ್ಟ್‌ಗಳ ಜಾಗ) ಎರಡು ಸಾಲಿನ ಸ್ಕ್ರಿಪ್ಟ್ ಇಟ್ಟರೆ ಮುಂದಿನ ಸಲ ತಾನಾಗೇ ಆಗುತ್ತೆ. ಕೆಲಸ ವಹಿಸಿಕೊಂಡ ದಿನವೇ ನಾನಿದನ್ನು ನೋಡಬೇಕಿತ್ತು, ನೋಡಿರಲಿಲ್ಲ. ಮೇಡಂಗೆ ಹಾಗಂತಲೇ ಹೇಳಿದೆ.

ಈ ಪೋಸ್ಟ್ ಬರೆಯೋಕೆ ಕಾರಣ ಅದಲ್ಲ, ಆಮೇಲೆ ಗೊತ್ತಾಗಿದ್ದು. ಅವತ್ತು ಬೆಳಿಗ್ಗೆ ಎಲ್ಲರಿಗೂ ಮೇಲ್ ನಿಂತಿರಲಿಲ್ಲ. “ನಂದು ಸರಿ ಇದೆಯಲ್ಲ, ನಂಗೇನೂ ತೊಂದ್ರೆ ಆಗ್ಲಿಲ್ಲ” ಅಂದ್ರು ಮ್ಯಾನೇಜರ್. ಇನ್ನೂ ನಾಲ್ಕೈದು ಜನ ಅದೇ ಮಾತು. ಅವಧಿ ಮುಗಿದ ಸರ್ಟಿಫಿಕೇಟ್ ಇದ್ದರೂ ಇವರ ಫೋನ್‌ಗೆ ಮೇಲ್ ಬಂದಿದ್ದು ಹೇಗೆ? ಮರುದಿನ ಬಸ್ ಹತ್ತಿ ಹೋದೆ. ಒಬ್ಬೊಬ್ಬರ ಫೋನ್ ಇಸ್ಕೊಂಡು ಅಕೌಂಟ್ ಸೆಟ್ಟಿಂಗ್ ತೆರೆದೆ. ಸೆಕ್ಯುರಿಟಿ ಟೈಪ್ ಅನ್ನೋ ಕಡೆ ‘ಎಸ್‌ಎಸ್‌ಎಲ್, ಎಲ್ಲ ಸರ್ಟಿಫಿಕೇಟ್ ಒಪ್ಪಿಕೋ’ ಅಂತ ಆರಿಸಿಟ್ಟಿತ್ತು. ಯಾವತ್ತೋ ಎಚ್ಚರಿಕೆಯ ಕಿರಿಕಿರಿ ತಪ್ಪಿಸೋಕೆ ಯಾರೋ ಹಾಗೆ ಮಾಡಿಕೊಟ್ಟಿದ್ದಾರೆ. ಹನ್ನೊಂದು ಫೋನ್ ಸಿಕ್ಕವು.

ಸೋಮವಾರ ಕೆಟ್ಟಂತೆ ಕಂಡ ಫೋನ್‌ಗಳೇ ಸರಿ ಇದ್ದವು. ಚೆನ್ನಾಗಿ ನಡೆದ ಹನ್ನೊಂದು ಫೋನ್‌ಗಳೇ ಕೆಟ್ಟಿದ್ದವು.

ಇದು ಯಾಕೆ ದೊಡ್ಡ ವಿಷಯ ಅಂತ ಕೇಳೋರಿಗೆ ಹೇಳ್ತೀನಿ. ಎನ್‌ಕ್ರಿಪ್ಶನ್ ಅಂದ ಕೂಡಲೇ ನಮಗೆ ಬೀಗ ನೆನಪಾಗುತ್ತೆ. ಬೀಗ ಗಟ್ಟಿಯಿದ್ದರೆ ಸಾಲದು, ಆ ಕಡೆ ಇರೋನು ಯಾರು ಅಂತಲೂ ಗೊತ್ತಿರಬೇಕು. ಆ ಗುರುತು ಹೇಳೋದೇ ಸರ್ಟಿಫಿಕೇಟ್. ‘ಎಲ್ಲವನ್ನೂ ಒಪ್ಪಿಕೋ’ ಅಂತ ಒಮ್ಮೆ ಹೇಳಿದ ಫೋನು ಲಾಡ್ಜ್‌ನ ವೈಫೈನಲ್ಲಿ, ನಮ್ಮ ಸರ್ವರ್ ಹೆಸರು ಹೇಳಿಕೊಂಡು ಮಧ್ಯೆ ಕೂತವನಿಗೂ ಯೂಸರ್‌ನೇಮ್, ಪಾಸ್‌ವರ್ಡ್ ಎರಡೂ ಒಪ್ಪಿಸುತ್ತೆ. ಅದೂ ನೀಟಾಗಿ ಎನ್‌ಕ್ರಿಪ್ಟ್ ಮಾಡಿ! ಕಳ್ಳನ ಕೈಗೆ ಕೀಲಿಕೈ ಕೊಟ್ಟಮೇಲೆ ಬೀಗ ಎಷ್ಟು ಲಿವರಿನದಾದರೇನು. ಸಂಘದ ಮೇಲ್‌ಬಾಕ್ಸ್‌ನಲ್ಲಿ ಏನೇನಿದೆ ಗೊತ್ತಾ? ಬೆಳೆಗಾರರ ಪಹಣಿ, ಆಧಾರ್ ಪ್ರತಿ, ಬ್ಯಾಂಕ್ ಖಾತೆ ನಂಬರು, ಸಾಲದ ಅರ್ಜಿ. ತೋಟ ಅಡವಿಟ್ಟವರ ಕಾಗದ ಪತ್ರ. ಅವರ್ಯಾರೂ ‘ಓಕೆ’ ಒತ್ತಿರಲಿಲ್ಲ.

ಹನ್ನೊಂದೂ ಫೋನ್‌ನಲ್ಲಿ ಅಕೌಂಟ್ ಅಳಿಸಿ ಮತ್ತೆ ಹಾಕಿ, ಅಷ್ಟೂ ಜನರ ಪಾಸ್‌ವರ್ಡ್ ಬದಲಾಯಿಸುವಾಗ ಸಂಜೆ ಆಗಿತ್ತು.

ಹಾಗಂತ ಎಲ್ಲ ಕಡೆ ಒಂದೇ ಬಿಗಿ ಹಾಕಿ ಅಂತ ನಾನು ಹೇಳ್ತಿಲ್ಲ. ಅದೂ ತಪ್ಪೇ. ಮೇಲ್ ಸಾಗಿಸೋಕೆ ಬಳಸೋ ಎಸ್‌ಎಂಟಿಪಿ ಹುಟ್ಟಿದ್ದು 1982ರಲ್ಲಿ, ಬಟಾಬಯಲಲ್ಲಿ ಮಾತಾಡೋ ಭಾಷೆಯಾಗಿ. ಬಯಲಲ್ಲಿ ಶುರುವಾದ ಮಾತನ್ನು ಎನ್‌ಕ್ರಿಪ್ಶನ್‌ಗೆ ತಿರುಗಿಸೋ ಸ್ಟಾರ್ಟ್‌ಟಿಎಲ್‌ಎಸ್ ಅದಕ್ಕೆ ಸೇರಿಕೊಂಡಿದ್ದು 1999ರಲ್ಲಿ. ಹಾಗಾಗಿ ಸರ್ವರ್‌ನಿಂದ ಸರ್ವರ್‌ಗೆ ಮೇಲ್ ಬರೋ 25ನೇ ಪೋರ್ಟ್‌ನಲ್ಲಿ ಇವತ್ತಿಗೂ ‘ಸಾಧ್ಯವಾದರೆ ಎನ್‌ಕ್ರಿಪ್ಟ್ ಮಾಡು’ ಅನ್ನೋದೇ ಪದ್ಧತಿ. ಪೋಸ್ಟ್‌ಫಿಕ್ಸ್‌ನಲ್ಲಿ ಇದಕ್ಕೆ ‘ಮೇ’ ಅಂತ ಬರೀತೀವಿ. ಸಾರ್ವಜನಿಕವಾಗಿ ಮೇಲ್ ತಗೊಳ್ಳೋ ಸರ್ವರ್ 25ರಲ್ಲಿ ಟಿಎಲ್‌ಎಸ್ (ಎನ್‌ಕ್ರಿಪ್ಟ್ ಮಾಡೋ ವಿಧಾನ) ಕಡ್ಡಾಯ ಮಾಡಲೇಬಾರದು ಅಂತ ಸ್ಟ್ಯಾಂಡರ್ಡ್ ಸ್ಪಷ್ಟವಾಗಿ ಹೇಳುತ್ತೆ. ಬೇರೊಂದು ಕಚೇರಿಯಲ್ಲಿ ಒಬ್ಬ ಹುಡುಗ ಸಿಬ್ಬಂದಿ ಮೇಲ್ ಕಳಿಸೋ 587ನ್ನು ಬಿಗಿ ಮಾಡೋಣ ಅಂತ ‘ಎನ್‌ಕ್ರಿಪ್ಟ್’ ಅಂತ ಬರೆದ. ಉದ್ದೇಶ ಒಳ್ಳೇದು, 587ರಲ್ಲಿ ಅದು ಇರಲೇಬೇಕು. ಆದರೆ ಬರೆದಿದ್ದು ಪೋಸ್ಟ್‌ಫಿಕ್ಸ್‌ನ ಮುಖ್ಯ ಸೆಟ್ಟಿಂಗ್ ಫೈಲಾದ ಮೇನ್ ಸಿಎಫ್‌ನಲ್ಲಿ. ಅಲ್ಲಿ ಬರೆದಿದ್ದು ಇಡೀ ಮನೆಗೆ ಅನ್ವಯ. ಒಂದೊಂದು ಬಾಗಿಲಿಗೂ ಬೇರೆ ಸೆಟ್ಟಿಂಗ್ ಬರೆಯೋ ಮಾಸ್ಟರ್ ಸಿಎಫ್‌ನಲ್ಲಿ, ಸಬ್‌ಮಿಷನ್ (ಅಂದರೆ 587) ಕೆಳಗೆ ಬರೆದಿದ್ದರೆ ಆ ಒಂದು ಬಾಗಿಲಿಗೆ ಮಾತ್ರ. ಹಳೇ ಸರ್ವರ್ ಇಟ್ಟುಕೊಂಡಿದ್ದ ಲಾರಿ ಸಾಗಣೆಯವರ ಮೇಲ್ ಎಲ್ಲ ‘530, ಮೊದಲು ಸ್ಟಾರ್ಟ್‌ಟಿಎಲ್‌ಎಸ್ ಕೊಡಿ’ ಅಂತ ವಾಪಸ್ ಹೋಗ್ತಿತ್ತು. ಬಂದೇ ಇಲ್ಲದ ಮೇಲ್ ಬಗ್ಗೆ ಒಳಗಿನವರಿಗೆ ತಿಳಿಯೋದಾದರೂ ಹೇಗೆ? ಮೂರು ವಾರ ಯಾರಿಗೂ ಗೊತ್ತಾಗಲಿಲ್ಲ, ಲಾಗ್ ಯಾರೂ ಓದಿರಲಿಲ್ಲ.

25ರಲ್ಲೂ ಗುರುತು ನೋಡಲೇಬೇಕು ಅನ್ನೋರಿಗೆ 2018ರಿಂದ ಎಂಟಿಎ-ಎಸ್‌ಟಿಎಸ್ ಇದೆ, ನಮಗೆ ಮೇಲ್ ಕಳಿಸೋ ಸರ್ವರ್‌ಗಳಿಗೆ ‘ನಮ್ಮ ಸರ್ಟಿಫಿಕೇಟ್ ನೋಡಿಯೇ ಕೊಡಿ’ ಅಂತ ಸಾರೋ ವ್ಯವಸ್ಥೆ. ಮೊದಲು ಟೆಸ್ಟಿಂಗ್ ಮೋಡ್‌ನಲ್ಲಿ ಕೆಲವು ವಾರ ಬಿಟ್ಟು, ಬರೋ ವರದಿ ನೋಡಿ, ಆಮೇಲೆ ಎನ್‌ಫೋರ್ಸ್ (ಕಡ್ಡಾಯ) ಮಾಡಿ. ಅವಸರ ಬೇಡ.

ಹಳೇ ಉಪಕರಣದ ವಿಷಯ ಬಂದಾಗಲೂ ನಮ್ಮಲ್ಲಿ ಇದೇ ‘ಓಕೆ ಒತ್ತಿ’ ಮನಸ್ಸು ಕೆಲಸ ಮಾಡುತ್ತೆ. ಸಂಘದಲ್ಲಿ ಒಂದು ಸ್ಕ್ಯಾನರ್ ಇದೆ, ಸ್ಕ್ಯಾನ್ ಮಾಡಿ ನೇರ ಮೇಲ್‌ಗೆ ಕಳಿಸೋದು. ಅದಕ್ಕೆ ಗೊತ್ತಿರೋದು ಟಿಎಲ್‌ಎಸ್ 1.0 ಮಾತ್ರ. 1.0 ಮತ್ತು 1.1 ಎರಡನ್ನೂ 2021ರ ಮಾರ್ಚ್‌ನಲ್ಲೇ ಅಧಿಕೃತವಾಗಿ ಕೈಬಿಟ್ಟಾಗಿದೆ. ಒಂದು ಸ್ಕ್ಯಾನರ್ ಸಲುವಾಗಿ ಇಡೀ ಸರ್ವರನ್ನು 1.0ಗೆ ಇಳಿಸಿ ಅಂತ ಸಲಹೆ ಕೊಟ್ಟವರಿದ್ದಾರೆ. ನಾನು ಕೇಳಲಿಲ್ಲ. ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಪಿಸಿಯೊಂದಕ್ಕೆ ಪೋಸ್ಟ್‌ಫಿಕ್ಸ್ ಹಾಕಿ, ಕಚೇರಿಯ ಒಳಗಿನ ನೆಟ್‌ವರ್ಕ್‌ಗೆ ಮಾತ್ರ ಕಿವಿ ಕೊಡೋ ಹಾಗೆ ಮಾಡಿದೆ. ಸ್ಕ್ಯಾನರ್ ಅದಕ್ಕೆ ಕೊಡುತ್ತೆ, ಅದು ಟಿಎಲ್‌ಎಸ್ 1.3ರಲ್ಲಿ ಸರ್ವರ್‌ಗೆ ದಾಟಿಸುತ್ತೆ. ಅರ್ಧ ದಿನದ ಕೆಲಸ.

ಇನ್ನೊಂದು ಮುಖ್ಯ ಮಾತು. ಸರ್ಟಿಫಿಕೇಟ್‌ಗಳ ಆಯಸ್ಸು ಇಳೀತಾ ಬರ್ತಿದೆ. 2029ರ ಮಾರ್ಚ್ 15ರಿಂದ ಸಾರ್ವಜನಿಕ ಸರ್ಟಿಫಿಕೇಟ್ ಯಾವುದೇ ಆದರೂ 47 ದಿನ ಮೀರುವ ಹಾಗಿಲ್ಲ ಅಂತ ಸರ್ಟಿಫಿಕೇಟ್ ಕೊಡೋರು, ಬ್ರೌಸರ್ ಮಾಡೋರು ಸೇರಿದ ಒಕ್ಕೂಟ ಸಿಎ/ಬ್ರೌಸರ್ ಫೋರಂ 2025ರಲ್ಲೇ ತೀರ್ಮಾನಿಸಿದೆ. ವರ್ಷಕ್ಕೊಮ್ಮೆ ದುಡ್ಡು ಕೊಟ್ಟು ತಂದು ಕೈಯಾರೆ ಹಾಕೋ ಕಾಲ ಮುಗೀತು. ಹುಕ್ ಹಾಕದ ಸರ್ವರ್‌ಗಳಲ್ಲಿ ಈ ಎಚ್ಚರಿಕೆ ಆಗ ವರ್ಷದಲ್ಲಿ ಏಳೆಂಟು ಸಲವಾದರೂ ಬರುತ್ತೆ, ಅಷ್ಟೂ ಸಲ ಯಾರೋ ಒಬ್ಬರು ‘ಓಕೆ ಒತ್ತಿ’ ಅಂತಾರೆ.

ಸಣ್ಣ ಕಚೇರಿ, ಸಂಘ, ಶಾಲೆಗಳ ಮೇಲ್ ಸರ್ವರ್ ನೋಡಿಕೊಳ್ಳೋ ಗೆಳೆಯರೇ, ಇವತ್ತು ರಾತ್ರಿ ಊಟ ಆದಮೇಲೆ ಒಂದು ಕೆಲಸ ಮಾಡಿ. ಫೈಲಿನ ದಿನಾಂಕ ನೋಡಿ ಸಮಾಧಾನಪಡಬೇಡಿ. ಹೊರಗಿನ ಒಂದು ಮಷಿನ್‌ನಿಂದ 993, 465, 587, 25 ನಾಲ್ಕನ್ನೂ ಬೇರೆ ಬೇರೆಯಾಗಿ ತಟ್ಟಿ. 587 ಮತ್ತು 25ಕ್ಕೆ ಕಮಾಂಡ್‌ನಲ್ಲಿ ಸ್ಟಾರ್ಟ್‌ಟಿಎಲ್‌ಎಸ್ ಎಸ್‌ಎಂಟಿಪಿ ಅಂತ ಸೇರಿಸೋದು ಮರೀಬೇಡಿ. ಕೋಡ್ 21 ಬಂದರೆ ಹೆಚ್ಚಾಗಿ ಫುಲ್‌ಚೈನ್ ಫೈಲ್ (ಮಧ್ಯದ ಸರ್ಟಿಫಿಕೇಟ್ ಕೂಡ ಸೇರಿರೋದು) ಬದಲು ಬರೀ ಸರ್ಟ್ ಫೈಲ್ ಕೊಟ್ಟಿರ್ತೀರಿ. ಕೋಡ್ 10 ಬಂದರೆ ನನ್ನ ಸೋಮವಾರದ ಕಥೆಯೇ. ಆಮೇಲೆ ಬಿಡುವು ಮಾಡಿಕೊಂಡು ಸಿಬ್ಬಂದಿಯ ಫೋನ್‌ಗಳನ್ನೂ ನೋಡಿ, ತೊಂದರೆಯೇ ಇಲ್ಲ ಅನ್ನೋರ ಫೋನ್ ಮೊದಲು.

ಡವ್‌ಕಾಟ್ ಹುಕ್ ಹಾಕೋದು ಯಾರಿಗಾದರೂ ಬೇಕಿದ್ದರೆ ಮೆಸೇಜ್ ಮಾಡಿ. ಎರಡೇ ಸಾಲು, ಕಳಿಸ್ತೀನಿ. ಲಾಗ್ ಕಳಿಸೋದಾದರೆ ಅದರಲ್ಲಿರೋ ಮೇಲ್ ವಿಳಾಸಗಳನ್ನು ಅಳಿಸಿ ಕಳಿಸಿ.