ಒಂದೇ ನೀರು, ಎರಡು ಕಡತ

ಅಣೆಕಟ್ಟೆ ಕಟ್ಟುವ ಮೊದಲು ಹೊಳೆಯಲ್ಲಿ ನೀರಿದೆಯೇ ಎಂದು ಇಣುಕಿ ನೋಡಬೇಕೆಂಬುದು ಹಳೆಯ ಕಾಲದ ಎಂಜಿನಿಯರುಗಳ ಸಂಕುಚಿತ ದೃಷ್ಟಿ. ಮೇಕೆದಾಟು ಯೋಜನೆಯ ಕಾರ್ಯಸಾಧ್ಯತೆಯನ್ನು ಅಳೆಯುವುದರಲ್ಲಿ ನಾವು ಆ ಹಂತವನ್ನು ಎಂದೋ ದಾಟಿದ್ದೇವೆ. ಕಾವೇರಿಯಲ್ಲಿ ನೀರು ಇದೆಯೋ ಇಲ್ಲವೋ ಎಂಬುದು ಈಗ ಮಳೆಯನ್ನು ಅವಲಂಬಿಸಿಲ್ಲ. ಮೇಜಿನ ಮೇಲೆ ಯಾವ ಕಡತ ತೆರೆದಿದೆ ಎಂಬುದನ್ನು ಅವಲಂಬಿಸಿದೆ.

ಮೊದಲನೆಯ ಕಡತ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರದ ಮುಂದೆ ಹೋಗುವಂಥದ್ದು. 2023ರಂತೆ ಮುಂಗಾರು ಕೈಕೊಟ್ಟಾಗ ಅದನ್ನು ತೆಗೆಯುತ್ತಾರೆ. ಜಲಾಶಯಗಳು ತಳ ಕಂಡಿವೆ, ಬೆಳೆಗೆ ಹೋಗಲಿ, ಕುಡಿಯುವುದಕ್ಕೂ ಸಾಲದು ಎಂದು ಅದು ಕಣ್ಣೀರು ತರಿಸುವಂತೆ ವಾದಿಸುತ್ತದೆ. ಎರಡನೆಯದು 2019ರ ಜನವರಿಯಲ್ಲಿ ಕೇಂದ್ರ ಜಲ ಆಯೋಗಕ್ಕೆ ಸಲ್ಲಿಸಿದ ವಿಸ್ತೃತ ಯೋಜನಾ ವರದಿ. ಅದರ ಪ್ರಕಾರ ಅದೇ ಹೊಳೆಯಲ್ಲಿ 67.16 ಟಿಎಂಸಿ ನೀರು ಹಿಡಿದಿಡಲು ಹೊಸದೊಂದು ಜಲಾಶಯವೇ ಬೇಕಾಗಿದೆ. ಹೋಲಿಕೆಗೆ ಹೇಳುವುದಾದರೆ, ಕನ್ನಂಬಾಡಿ ಕಟ್ಟೆಯ ಸಾಮರ್ಥ್ಯ 49.45 ಟಿಎಂಸಿ. ಸುಗ್ಗಿಯ ವರ್ಷದ ನೀರನ್ನು ಬರದ ವರ್ಷಕ್ಕೆ ಉಳಿಸುವುದೇ ಸಮತೋಲನ ಜಲಾಶಯದ ಕೆಲಸವೆಂದು ಎಂಜಿನಿಯರ್ ಮಿತ್ರರು ಆಕ್ಷೇಪಿಸುತ್ತಾರೆ. ಒಪ್ಪಿದೆ. ಆದರೆ ಬರದ ವರ್ಷ ಬಂದಾಗ, ಉಳಿಸಿಟ್ಟ ಆ ನೀರನ್ನೇ ತಮಿಳುನಾಡಿಗೆ ಬಿಟ್ಟ ನೀರನ್ನು ಅಳೆಯುವ ಗಡಿಯ ಬಿಳಿಗುಂಡ್ಲುವಿಗೆ ಹರಿಸಿ ಎಂಬ ಆದೇಶ ಬರುವುದಿಲ್ಲವೆಂದು ಅವರಲ್ಲಿ ಯಾರೂ ಬರೆದುಕೊಡುವುದಿಲ್ಲ.

ಇದು ಬಹೂದ್ದೇಶ ಯೋಜನೆ. ಉದ್ದೇಶಗಳು ಎರಡು: ಬೆಂಗಳೂರಿಗೆ 4.75 ಟಿಎಂಸಿ ಕುಡಿಯುವ ನೀರು, ರಾಜ್ಯಕ್ಕೆ 400 ಮೆಗಾವಾಟ್ ವಿದ್ಯುತ್ತು. ತೊಂದರೆ ಇಷ್ಟೇ: ನಗರಕ್ಕೆ ಮೇಲೆತ್ತಿದ ಹನಿ ಟರ್ಬೈನಿನೊಳಗೆ ಇಳಿಯಲಾರದು, ಟರ್ಬೈನಿನಿಂದ ಇಳಿದ ಹನಿ ಬೆಂಗಳೂರಿನ ನಲ್ಲಿಗೆ ಹಿಂದಿರುಗದೆ ತಮಿಳುನಾಡಿನ ಪಾಲಾಗುತ್ತದೆ. ಸುಪ್ರೀಂ ಕೋರ್ಟು 2018ರಲ್ಲಿ ನಿಗದಿ ಮಾಡಿದಂತೆ ನಾವು ವರ್ಷಕ್ಕೆ ಬಿಡಬೇಕಾದ 177.25 ಟಿಎಂಸಿಯೇ ನಮ್ಮ ಟರ್ಬೈನಿನ ಆಹಾರ. ಹೀಗಾಗಿ, ಒಂದು ತೊಟ್ಟೂ ಬಿಡಬಾರದೆಂದು ಮಂಡ್ಯದಲ್ಲಿ ಹೆದ್ದಾರಿ ತಡೆಯುವವರ ಬೆನ್ನು ತಟ್ಟುವ ನಾಯಕರೇ, ನೀರು ಬಿಟ್ಟರೆ ಮಾತ್ರ ತಿರುಗುವ ಯಂತ್ರಕ್ಕಾಗಿ ದೆಹಲಿಗೆ ನಿಯೋಗ ಕೊಂಡೊಯ್ಯುತ್ತಾರೆ. ಅತ್ತ ತಮಿಳುನಾಡು, ತನಗೆ ಬಿಡುವ ನೀರಿನಿಂದಲೇ ಕರೆಂಟು ತೆಗೆಯುವ ಕಟ್ಟೆಯನ್ನು ತನಗೆ ನೀರೇ ಬಿಡದ ಕಟ್ಟೆಯೆಂದು ವಿರೋಧಿಸುತ್ತದೆ.

ಅಧ್ಯಯನದಲ್ಲಿ ಕೊರತೆಯಾಗಿದೆ ಎಂದು ಮಾತ್ರ ಯಾರೂ ದೂರುವಂತಿಲ್ಲ. 2022ರ ಜನವರಿಯಲ್ಲಿ, ಕೋವಿಡ್ ಮೂರನೆಯ ಅಲೆಯ ನಡುವೆ, ಅಂದಿನ ವಿರೋಧ ಪಕ್ಷವಾದ ಕಾಂಗ್ರೆಸ್ಸು, ಅರ್ಕಾವತಿ ಕಾವೇರಿಯನ್ನು ಸೇರುವ ಸಂಗಮದಿಂದ ಪಾದಯಾತ್ರೆ ಹೊರಟು ಭೂಮಿಯ ಧಾರಣಶಕ್ತಿಯನ್ನು ಸ್ವತಃ ಕಾಲಿನಿಂದಲೇ ಪರೀಕ್ಷಿಸಿತು. ಅದೇ ಮಾರ್ಚಿನ ಬಜೆಟ್ಟಿನಲ್ಲಿ ಬಿಜೆಪಿ ಸರ್ಕಾರ, ಅನುಮತಿಯೇ ಇಲ್ಲದ ಯೋಜನೆಗೆ 1,000 ಕೋಟಿ ರೂಪಾಯಿ ತೆಗೆದಿಟ್ಟು ಆರ್ಥಿಕ ಪರೀಕ್ಷೆಯನ್ನು ಮುಗಿಸಿತು. ಮುಂದಿನ ವರ್ಷ ನಡೆದವರೇ ಅಧಿಕಾರಕ್ಕೆ ಬಂದರು. ಅಣೆಕಟ್ಟೆ ನಡೆದು ಬರಲಿಲ್ಲ. ಅಂದಾಜು ವೆಚ್ಚವೊಂದು ಯಾರ ಅಪ್ಪಣೆಗೂ ಕಾಯದೆ 5,912 ಕೋಟಿಯಿಂದ 9,000 ಕೋಟಿಗೆ ಏರಿತ್ತು. 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ತಮಿಳುನಾಡಿನ ಅರ್ಜಿ ಅಕಾಲಿಕವೆಂದಾಗ ನಮ್ಮಲ್ಲಿ ಅದನ್ನು ಗೆಲುವೆಂದು ಕೊಂಡಾಡಿದರು. ಯೋಜನೆಯನ್ನು ಆಕ್ಷೇಪಿಸುವ ಕಾಲವೇ ಇನ್ನೂ ಬಂದಿಲ್ಲ ಎಂಬುದು ಅದರ ಅರ್ಥವೆಂದು ಸಂಭ್ರಮದ ನಡುವೆ ಹೇಳುವುದು ಸೌಜನ್ಯವಲ್ಲ.

ಮುಳುಗುವ ಸುಮಾರು 5,000 ಹೆಕ್ಟೇರಿನಲ್ಲಿ ಬಹುಪಾಲು ಕಾವೇರಿ ವನ್ಯಜೀವಿಧಾಮ ಮತ್ತು ಮೀಸಲು ಅರಣ್ಯ. ಅದಕ್ಕೆ ಬದಲಾಗಿ ಬೇರೆಡೆ ಸಸಿ ನೆಡಲಾಗುವುದು. ಆನೆಗಳಿಗೆ ಹೊಸ ವಿಳಾಸವನ್ನು ಹೇಗೆ ತಿಳಿಸುತ್ತಾರೆಂಬುದು ಇಲಾಖೆಗಳ ನಡುವಿನ ಪತ್ರವ್ಯವಹಾರದ ವಿಷಯ.

ಇಷ್ಟೆಲ್ಲ ಯಾವ ಬಾಯಾರಿಕೆಗಾಗಿ ಎಂಬ ಲೆಕ್ಕವನ್ನೂ ಒಮ್ಮೆ ಹಾಕಬಹುದು. 4.75 ಟಿಎಂಸಿ ಎಂದರೆ ದಿನಕ್ಕೆ ಸುಮಾರು 37 ಕೋಟಿ ಲೀಟರ್. ಕಾವೇರಿ ಐದನೇ ಹಂತ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಗುವ ಮುನ್ನ ಬೆಂಗಳೂರಿಗೆ ದಿನವೂ ಬರುತ್ತಿದ್ದದ್ದು ಸುಮಾರು 145 ಕೋಟಿ ಲೀಟರ್. ಅದರಲ್ಲಿ ಕಾಲು ಭಾಗಕ್ಕೂ ಹೆಚ್ಚು, ಸೋರಿಯೋ ಕದ್ದುಹೋಗಿಯೋ, ಲೆಕ್ಕಕ್ಕೇ ಸಿಗುತ್ತಿರಲಿಲ್ಲ. ಕಾಗದ ಪೆನ್ಸಿಲು ಹಿಡಿದು ಗುಣಿಸಿದರೆ ಅದೂ ಸರಿಸುಮಾರು 37 ಕೋಟಿಯೇ. ಅಂದರೆ ಒಂದು ಮೇಕೆದಾಟು ನಗರದ ರಸ್ತೆಗಳ ಕೆಳಗೆ ಆಗಲೇ ಕಟ್ಟಿ ಮುಗಿದಿತ್ತು. ಕೊಳವೆಯ ಕೀಲು ಬಿಗಿಮಾಡುವ ಕೆಲಸಕ್ಕೆ ಪಾದಯಾತ್ರೆ ಮಾಡಲು ಬರುವುದಿಲ್ಲ, ಶಂಕುಸ್ಥಾಪನೆಯ ಕಲ್ಲು ನಿಲ್ಲಿಸಲು ಚರಂಡಿಯ ಪಕ್ಕದಲ್ಲಿ ಜಾಗವೂ ಸಾಲದು. ಆದ್ದರಿಂದ ಅದು ಕಾರ್ಯಸಾಧ್ಯವಲ್ಲ.

ವರದಿಯ ಲಾಭಗಳ ಪಟ್ಟಿಯಲ್ಲಿ ಒಂದು ಉದ್ದೇಶವನ್ನು ಸೇರಿಸದೆ ಬಿಟ್ಟಿರುವುದು ಮಾತ್ರ ಅನ್ಯಾಯ. ಬೆಂಗಳೂರು ಕುಡಿದು, ಮಿಂದು, ತೊಳೆದು ಬಿಟ್ಟ ಕಾವೇರಿಯಲ್ಲಿ ದೊಡ್ಡದೊಂದು ಪಾಲು ವೃಷಭಾವತಿಯನ್ನು ಸೇರಿ, ಬೈರಮಂಗಲದ ಕೆರೆಯಲ್ಲಿ ನೊರೆ ಕಕ್ಕಿ, ಅರ್ಕಾವತಿಯಾಗಿ ಸಂಗಮದಲ್ಲಿ ಮತ್ತೆ ಕಾವೇರಿಗೇ ಬಂದು ಬೀಳುತ್ತದೆ. ಅಣೆಕಟ್ಟೆಯ ಜಾಗ ಸಂಗಮದಿಂದ ಕೆಳಗೆ. ಹಾಗಾಗಿ ಈವರೆಗೆ ತಮಿಳುನಾಡಿಗೆ ಪುಕ್ಕಟೆಯಾಗಿ ಹರಿದುಹೋಗುತ್ತಿದ್ದ ಬೆಂಗಳೂರಿನ ಕೊಳಚೆಯನ್ನು ಇನ್ನು ಮುಂದೆ ಅಲ್ಲೇ ತಡೆದು, ನಾಲ್ಕು ನೂರು ಮೀಟರಿಗೂ ಹೆಚ್ಚು ಎತ್ತರಕ್ಕೆ ಪಂಪು ಮಾಡಿ, ಅದನ್ನು ಬಿಟ್ಟವರ ಮನೆಗೇ ಮೀಟರ್ ಹಾಕಿ ತಲುಪಿಸಬಹುದು.