ನಕ್ಷತ್ರಬಲ

ನನ್ನ ಜನ್ಮನಕ್ಷತ್ರ ಮಖಾ ಎಂದು ಜಾತಕದಲ್ಲಿದೆ. ಅದರಿಂದ ಇದುವರೆಗೆ ಉಪಕಾರವೂ ಆಗಿಲ್ಲ, ಅಪಕಾರವೂ ಆಗಿಲ್ಲ. ನನ್ನ ಮನೆಗೆ ಅಕ್ಕಿಬೇಳೆ ತರಿಸುವ ನಕ್ಷತ್ರಗಳೇ ಬೇರೆ. ಅವು ಒಟ್ಟು ಐದು. ದಯಪಾಲಿಸುವವರು ಜಾಹೀರಾತುದಾರರು.

ನಾನು ಹಣ ಪಡೆದು ಬ್ಲಾಗ್ ಬರೆಯುವವನು. ಮಿಕ್ಸಿ, ಹಾಸಿಗೆ, ಕೂದಲಿನ ಎಣ್ಣೆ, ಯಾವುದಾದರೂ ಸರಿ, 500 ಪದಗಳಲ್ಲಿ ನಿಷ್ಪಕ್ಷಪಾತವಾಗಿ ಹೊಗಳಿಕೊಡುತ್ತೇನೆ. ಓದುಗರು ನನ್ನನ್ನು ವಿಮರ್ಶಕ ಎಂದುಕೊಂಡಿದ್ದಾರೆ, ಪಾಪ. ವಸ್ತುವಿಗೆ ನಾನು ಅಂಕ ಕೊಡುತ್ತೇನೆ, ಆಮೇಲೆ ವಸ್ತುವಿನ ಯಜಮಾನ ನನಗೆ ಅಂಕ ಕೊಡುತ್ತಾನೆ. ಹುಡುಗರೇ ಮೇಷ್ಟರ ಉತ್ತರಪತ್ರಿಕೆ ತಿದ್ದುವ ಶಾಲೆ ಇದು. ಇಲ್ಲಿ ನಪಾಸಾಗುವುದು ಮೇಷ್ಟರು ಮಾತ್ರ.

ಕಳೆದ ಯುಗಾದಿಯ ಹೊತ್ತಿಗೆ ಒಂದು ಮಿಕ್ಸಿ ಬಂತು. ಕಾಯಿ, ಹುರಿಗಡಲೆ, ಹಸಿಮೆಣಸಿನಕಾಯಿ ಹಾಕಿ ತಿರುಗಿಸಿದೆ. ಎರಡನೆಯ ವೇಗಕ್ಕೆ ಮುಚ್ಚಳ ಎದ್ದು ಹಾರಿತು. ಅರ್ಧ ಚಟ್ನಿ ಗೋಡೆಯ ಕ್ಯಾಲೆಂಡರಿನ ಮೇಲೆ, ಏಕಾದಶಿಯಿಂದ ಅಮಾವಾಸ್ಯೆಯವರೆಗೆ. ಆದರೂ ಹೊಗಳಿದೆ. ಕೊನೆಯಲ್ಲಿ ಮಾತ್ರ, “ರುಬ್ಬುವಾಗ ಮುಚ್ಚಳವನ್ನು ಎಡಗೈಯಿಂದ ಒತ್ತಿ ಹಿಡಿಯುವುದು ಒಳ್ಳೆಯದು” ಎಂದು ಸೇರಿಸಿದೆ. ಇಡೀ ಬರಹದಲ್ಲಿ ನಿಜವೆಂಬುದು ಇದ್ದದ್ದು ಆ ಒಂದು ವಾಕ್ಯದಲ್ಲಿ. ಮೂರು ನಕ್ಷತ್ರ ಬಂದವು. ಜೊತೆಗೊಂದು ಷರಾ: “ಲೇಖಕರಲ್ಲಿ ಉತ್ಸಾಹದ ಕೊರತೆ.”

ನನ್ನ ಸರಾಸರಿ 4.6ರಿಂದ 4.4ಕ್ಕೆ ಇಳಿಯಿತು. ಮಾರನೆಯ ದಿನದಿಂದ ನಾನು ಕೆಲಸ ಹಿಡಿಯುವ ತಾಣದಲ್ಲಿ ಫ್ರಿಜ್, ಟೀವಿಗಳೆಲ್ಲ ಮಾಯ. 4.5 ಇಲ್ಲದವರ ಕಣ್ಣಿಗೆ ಅವು ಬೀಳುವುದೇ ಇಲ್ಲವಂತೆ. ಉಳಿದದ್ದು ಇರುವೆಪುಡಿ. ಅದರ ಮೇಲೆ ‘ನಮ್ಮ ಸಂಸಾರ ಮರಳಿ ಒಂದಾದ ಬಗೆ’ ಎಂದು ಬರೆದೆ. ಐದಕ್ಕೆ ಐದು! ಇರುವೆಗಳು ಈಗಲೂ ಸಕ್ಕರೆ ಡಬ್ಬಿಯಲ್ಲಿಯೇ ಇವೆ, ಆದರೆ ಅಂಕ ಕೊಡುವ ಅಧಿಕಾರ ಅವಕ್ಕಿಲ್ಲ.

ಅಂಕ ಕಳೆಯುವುದು ನಮ್ಮ ಕಸುಬಿಗೆ ಹೊಸದಲ್ಲ. 2006ರಲ್ಲಿ ಅಮೆರಿಕದ ‘ಪೇ ಪರ್ ಪೋಸ್ಟ್’ ಎಂಬ ಕಂಪನಿ ಬ್ಲಾಗಿಗರಿಗೂ ಜಾಹೀರಾತುದಾರರಿಗೂ ಗಂಟುಹಾಕುವ ದಲ್ಲಾಳಿತನ ಶುರುಮಾಡಿತು. ಮರುವರ್ಷವೇ ಗೂಗಲ್, ಅಂಥ ಹಲವು ಬ್ಲಾಗುಗಳಿಗೆ ಹುಡುಕಾಟಕ್ಕೆಂದು ತಾನು ಕೊಟ್ಟಿದ್ದ ಅಂಕವನ್ನು, ಅಂದರೆ ಪೇಜ್‌ರ್ಯಾಂಕನ್ನು ಸೊನ್ನೆಗೆ ಇಳಿಸಿತು. ಆಗ ಅಂಕ ಹೋದದ್ದು ಕಾಸು ಪಡೆದು ಲಿಂಕ್ ಕೊಟ್ಟದ್ದಕ್ಕೆ. ಈಗ ಹೋಗುವುದು ಪಡೆದ ಕಾಸಿನಷ್ಟು ಹೊಗಳದೆ ಉಳಿದದ್ದಕ್ಕೆ.

ನಮ್ಮಲ್ಲಿ ಕಾನೂನಿಗೇನೂ ಬರವಿಲ್ಲ. ಹಣವನ್ನೋ ಉಡುಗೊರೆಯನ್ನೋ ಪಡೆದಿದ್ದರೆ ಎದ್ದುಕಾಣುವಂತೆ ಹೇಳಬೇಕು, ವಸ್ತುವನ್ನು ನಿಜಕ್ಕೂ ಬಳಸಿರಬೇಕು ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ತಿಳಿಹೇಳಿದೆ. ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ, ಮತ್ತೆ ತಪ್ಪಿದರೆ 50 ಲಕ್ಷ. ನನ್ನ ಅಂಕಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿದೆ. ಸಮಯಪಾಲನೆ ಇದೆ, ಧಾಟಿ ಇದೆ, ಲಿಂಕ್ ಎಷ್ಟನೆಯ ಸಾಲಿನಲ್ಲಿದೆ ಎಂಬುದೂ ಇದೆ. ‘ಬಳಸಿದ್ದಾರೆಯೇ?’ ಎಂಬ ಅಂಕಣ ಮಾತ್ರ ಇಲ್ಲ. ‘ಇದು ಜಾಹೀರಾತು’ ಎಂದು ಮೊದಲ ಸಾಲಿನಲ್ಲಿಯೇ ಬರೆದದ್ದಕ್ಕೆ ಒಮ್ಮೆ ಧಾಟಿಯಲ್ಲಿ ಒಂದು ನಕ್ಷತ್ರ ಖೋತಾ ಆಗಿದೆ.

ಮಿಕ್ಸಿಯವರಿಗೆ ಮರುಮೌಲ್ಯಮಾಪನದ ಅರ್ಜಿ ಹಾಕಿಕೊಂಡೆ. ತಿದ್ದಿದರೆ ನೋಡೋಣ ಎಂದರು. ಎಡಗೈಯ ವಾಕ್ಯವನ್ನು ತೆಗೆದು, “ಇದರ ಮುಚ್ಚಳಕ್ಕೆ ತನ್ನದೇ ಆದ ಚೈತನ್ಯವಿದೆ” ಎಂದು ಬರೆದೆ. ಮೂರು ಐದಾಯಿತು, ಫ್ರಿಜ್ ಮತ್ತೆ ದರ್ಶನ ಕೊಟ್ಟಿತು.

ಮೊನ್ನೆ ತಿಪಟೂರಿನಿಂದ ಚಿಕ್ಕಮ್ಮ ಫೋನ್ ಮಾಡಿದ್ದರು. ನನ್ನ ಬರಹ ಓದಿ ಅದೇ ಮಿಕ್ಸಿ ತರಿಸಿಕೊಂಡಿದ್ದಾರೆ.

“ಮುಚ್ಚಳ ನಿಲ್ಲುವುದೇ ಇಲ್ಲವಲ್ಲೋ. ಅಡುಗೆಮನೆಯೆಲ್ಲ ಚಟ್ನಿ!”

“ಎಡಗೈಯಿಂದ ಒತ್ತಿ ಹಿಡಿದುಕೊಳ್ಳಬೇಕು ಚಿಕ್ಕಮ್ಮ.”

“ಅಷ್ಟನ್ನು ಬರೆಯುವುದಕ್ಕೆ ನಿನಗೇನಾಗಿತ್ತು?”

“ಬರೆದಿದ್ದೆ. ಮೂರು ನಕ್ಷತ್ರ ಬಂದಿತ್ತು.”

“ಮೂರೆಂದರೆ ಕೃತ್ತಿಕೆ. ಕೂಡಿಬರುವುದಿಲ್ಲ ಬಿಡು” ಎಂದು ಫೋನ್ ಇಟ್ಟರು.