ಆರಿಸಿದರೂ ಆರದ ದೀಪ

ಎಲ್‌ಇಡಿ ಬಲ್ಬಿನ ಡಬ್ಬದ ಮೇಲೆ ‘ಡಿಮ್ಮಬಲ್’, ಅಂದರೆ ಬೆಳಕನ್ನು ಮಂಕು ಮಾಡಬಹುದು, ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಯಾವ ಡಿಮ್ಮರಿನ ಜೊತೆ ಎನ್ನುವುದು ಮಾತ್ರ ಡಬ್ಬದ ತಳದಲ್ಲಿ, ಇರುವೆಗಳಷ್ಟೇ ಓದಬಲ್ಲ ಅಕ್ಷರದಲ್ಲಿರುತ್ತದೆ. ಅದನ್ನು ಓದಲು ಒಳ್ಳೆಯ ಬೆಳಕು ಬೇಕು. ಒಳ್ಳೆಯ ಬೆಳಕು ಡಬ್ಬದೊಳಗೇ ಇದೆ.

ನಮ್ಮ ಹಾಲಿನ ಗೋಡೆಯಲ್ಲಿ ಗುಂಡಿ ತಿರುಗಿಸುವ ಹಳೆಯ ಡಿಮ್ಮರ್ ಒಂದಿತ್ತು. 60 ವಾಟಿನ ನಾಲ್ಕು ಫಿಲಮೆಂಟ್ ಬಲ್ಬುಗಳನ್ನು ಅದು ವರ್ಷಾನುಗಟ್ಟಲೆ ತಕರಾರಿಲ್ಲದೆ ಸಾಕಿತ್ತು. ಗುಂಡಿ ಇಳಿಸಿದಷ್ಟೂ ಬೆಳಕು ಇಳಿದು ಕೆಂಪಾಗುತ್ತಿತ್ತು. ಮನೆಯನ್ನು ಸ್ಮಾರ್ಟ್ ಮಾಡುವ ಉಮೇದಿನಲ್ಲಿ ಮೊದಲು ಆ ಬಲ್ಬುಗಳಿಗೆ ನಿವೃತ್ತಿ ಕೊಟ್ಟು, 8 ವಾಟಿನ ನಾಲ್ಕು ಎಲ್‌ಇಡಿ ಕೂರಿಸಿದೆವು. ಪೂರ್ತಿ ಬೆಳಕಿನಲ್ಲಿ ಸಭ್ಯವಾಗಿಯೇ ಇದ್ದವು. ಅರ್ಧಕ್ಕೆ ಇಳಿಸಿದ್ದೇ ತಡ, ನಾಲ್ಕೂ ಸೇರಿ ಗುಂಯ್‌ಗುಟ್ಟತೊಡಗಿದವು. ಇನ್ನೂ ಇಳಿಸಿದರೆ ಫಳ್ ಫಳ್ ಎಂದು ಮಿನುಗಾಟ. ಒಳಗಿನ ಕೋಣೆಯಿಂದ ಅಮ್ಮ ಕೂಗಿದರು: “ಮಿಂಚ್ತಾ ಇದೆ ಕಣೋ, ಮಳೆ ಬರೋ ಹಾಗಿದೆ. ಬಟ್ಟೆ ಒಳಗೆ ತಗೊಂಡು ಬಾ.” ಮೋಡವಿಲ್ಲದ ರಾತ್ರಿಯಲ್ಲಿ ಹೋಗಿ ಬಟ್ಟೆ ತಂದೆ. ಕಾರಣ ವಿವರಿಸುವುದಕ್ಕಿಂತ ಅದೇ ಸುಲಭವಾಗಿತ್ತು.

ಡಿಮ್ಮರಿನ ಮುಚ್ಚಳ ಬಿಚ್ಚಿದ ಎಲೆಕ್ಟ್ರಿಷಿಯನ್ ಒಳಗೆ ಬರೆದಿದ್ದ ‘40–400 ವಾಟ್’ ಎಂಬುದನ್ನು ತೋರಿಸಿ, “ನಿಮ್ಮ ಲೋಡ್ ಎಷ್ಟು?” ಎಂದ. ಎಂಟು ನಾಲ್ಕಲ 32. ಅಷ್ಟು ಕಡಿಮೆ ಕೆಲಸಕ್ಕೆ ಹಳೆಯ ಡಿಮ್ಮರ್ ಏಳುವುದೇ ಇಲ್ಲವಂತೆ. ಕೆಲಸ ಜಾಸ್ತಿಯಾಯಿತೆಂದು ಮುನಿಸಿಕೊಳ್ಳುವವರನ್ನು ಬಲ್ಲೆ, ಸಾಲದೆಂದು ಮುನಿಸಿಕೊಂಡದ್ದನ್ನು ನೋಡಿದ್ದು ಅದೇ ಮೊದಲು.

ಮುನಿಸಿಗೆ ಇನ್ನೊಂದು ಕಾರಣವೂ ಇತ್ತು. ಟ್ರಯಾಕ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ಚಿನಿಂದ ನಡೆಯುವ ಹಳೆಯ ಡಿಮ್ಮರ್ ಕರೆಂಟಿನ ಪ್ರತಿ ಅರ್ಧ ಅಲೆಯ ಮುಂಭಾಗವನ್ನು ತಡೆದು, ಉಳಿದದ್ದನ್ನು ಧಡಕ್ಕನೆ ಬಿಡುತ್ತದೆ. 50 ಹರ್ಟ್ಸ್ ಕರೆಂಟಿನಲ್ಲಿ ಸೆಕೆಂಡಿಗೆ 100 ಸಲ ಈ ಧಡಕ್. ಫಿಲಮೆಂಟಿಗೆ ಇದು ಗೊತ್ತಾಗುವುದಿಲ್ಲ, ಒಂದು ಧಡಕ್ಕಿನಿಂದ ಇನ್ನೊಂದಕ್ಕೆ ತಣ್ಣಗಾಗಲು ಅದಕ್ಕೆ ಪುರುಸೊತ್ತೇ ಇಲ್ಲ. ಎಲ್‌ಇಡಿಯೊಳಗೆ ಕರೆಂಟನ್ನು ಹದಮಾಡಿ ಕೊಡುವ ಡ್ರೈವರ್ ಸರ್ಕ್ಯೂಟ್ ಪ್ರತಿ ಸಲವೂ ಬೆಚ್ಚಿಬೀಳುತ್ತದೆ. ಅಲೆಯ ಹಿಂಭಾಗವನ್ನು ಕತ್ತರಿಸುವ ಟ್ರೇಲಿಂಗ್ ಎಡ್ಜ್ ಡಿಮ್ಮರ್ ಬೇರೆಯೇ ಇದೆ, ಅದು ಬಹುಪಾಲು ಎಲ್‌ಇಡಿಗಳಿಗೆ ಒಗ್ಗುತ್ತದೆ. 1959ರಲ್ಲಿ ಜೋಯೆಲ್ ಸ್ಪೈರಾ ಎಂಬಾತ ನ್ಯೂಯಾರ್ಕಿನ ತನ್ನ ಮನೆಯಲ್ಲಿ ಕೂತು, ಗೋಡೆಯ ಸ್ವಿಚ್ಚಿನ ಜಾಗದಲ್ಲಿ ಕೂರುವ ಡಿಮ್ಮರ್ ರೂಪಿಸಿದ. ಅದಕ್ಕೆ ಮೊದಲು ದೀಪ ಮಂಕು ಮಾಡುವ ಭಾಗ್ಯವಿದ್ದದ್ದು ಹೆಚ್ಚಾಗಿ ನಾಟಕಶಾಲೆಗಳಿಗೆ, ಕರೆಂಟಿಗೆ ತಡೆಯೊಡ್ಡುವ ದೊಡ್ಡ ದೊಡ್ಡ ರಿಯೋಸ್ಟಾಟ್‌ಗಳನ್ನು ಕಾಯಿಸಿಕೊಂಡು. ಪಾಪ, ಮುಂದೊಂದು ದಿನ ಬಲ್ಬಿನ ಹೊಟ್ಟೆಯಲ್ಲೇ ಎಲೆಕ್ಟ್ರಾನಿಕ್ಸ್ ಬಂದು ಕೂರುತ್ತದೆಂದು ಆತನಿಗೆ ಹೇಗೆ ಗೊತ್ತಾಗಬೇಕು!

ಹಾಲಿಗೆ ಟ್ರೇಲಿಂಗ್ ಎಡ್ಜ್ ಬಂತು, ಗುಂಯ್‌ಗಾನ ನಿಂತಿತು. ಆಮೇಲೆ ಪ್ಯಾಸೇಜಿನ ಸರದಿ.

ಅಲ್ಲಿ ಸ್ಮಾರ್ಟ್ ಸ್ವಿಚ್ ಹಾಕೋಣವೆಂದರೆ, ಪ್ಯಾಸೇಜಿನ ಸ್ವಿಚ್‌ಬೋರ್ಡಿನಲ್ಲಿ ಕರೆಂಟ್ ಮರಳಿ ಹೋಗುವ ನ್ಯೂಟ್ರಲ್ ವೈರ್ ಇರಲಿಲ್ಲ. ಹಳೆಯ ಮನೆಗಳ ವೈರಿಂಗಿನಲ್ಲಿ ಹೀಗೇ, ಸ್ವಿಚ್ಚಿಗೆ ಕರೆಂಟ್ ತರುವ ಫೇಸ್ ವೈರ್ ಇಳಿದರೆ ಸಾಕೆಂದು ಬಿಟ್ಟಿರುತ್ತಾರೆ. ನ್ಯೂಟ್ರಲ್ ಬೇಡದ ಸ್ಮಾರ್ಟ್ ಸ್ವಿಚ್ಚೂ ಸಿಗುತ್ತದೆ. ಆದರೆ ಅದಕ್ಕೂ ಹೊಟ್ಟೆಯಿದೆಯಲ್ಲ, ದೀಪ ಆರಿಸಿದ ಮೇಲೂ ಬಲ್ಬಿನ ಮೂಲಕವೇ ಚೂರುಪಾರು ಕರೆಂಟ್ ಎಳೆದುಕೊಳ್ಳುತ್ತಿರುತ್ತದೆ. ಫಿಲಮೆಂಟ್ ಬಲ್ಬಾಗಿದ್ದರೆ ಇಷ್ಟಕ್ಕೆಲ್ಲ ಕಣ್ಣು ಬಿಡುತ್ತಿರಲಿಲ್ಲ. ಎಲ್‌ಇಡಿಗೆ ಅಷ್ಟೇ ಸಾಕು.

“ರೀ, ಪ್ಯಾಸೇಜಿನ ಲೈಟ್ ಆರಿಸಿ ಬನ್ನಿ.”

“ಆರಿಸಿದೀನಿ.”

“ಮತ್ತೆ ಉರೀತಾ ಇರೋದೇನು?”

“ಆರಿಸಿದ ಲೈಟೇ.”

ಈ ಸಂಭಾಷಣೆಯನ್ನು ಅರ್ಧರಾತ್ರಿ ಯಾರ ಜೊತೆಗಾದರೂ ನಡೆಸಿ ನೋಡಿ. ಕೊನೆಗೆ ಬಲ್ಬಿಗೆ ಅಡ್ಡಲಾಗಿ ‘ಬೈಪಾಸ್’ ಎಂಬ ಪುಟಾಣಿ ಡಬ್ಬಿಯೊಂದನ್ನು ಜೋಡಿಸಿದ ಮೇಲೆ ಆ ಕಳ್ಳ ಕರೆಂಟಿಗೆ ಬೇರೆ ದಾರಿ ಸಿಕ್ಕಿ, ದೀಪ ನಿಜವಾಗಿ ಆರಿತು. ಅಮ್ಮ ಮಾತ್ರ ಈಗಲೂ ಮಲಗುವ ಮುಂಚೆ ಒಮ್ಮೆ ಇಣುಕಿ ನೋಡುತ್ತಾರೆ.

ಅಡುಗೆಮನೆಗೂ ಬಚ್ಚಲಿಗೂ ಈ ರಗಳೆಯೇ ಬೇಡವೆಂದು ಸ್ಮಾರ್ಟ್ ಬಲ್ಬುಗಳನ್ನೇ ತಂದೆವು. ಡಿಮ್ಮರ್ ಬಲ್ಬಿನೊಳಗೇ ಇರುತ್ತದೆ, ಗೋಡೆಯದ್ದು ಮಾಮೂಲಿ ಸ್ವಿಚ್. ಎಲ್ಲವನ್ನೂ ಬೆಸೆಯುವ ಹಬ್ಬು, ಮೊಬೈಲಿಗೆ ಆ್ಯಪು, ಬಲ್ಬುಗಳು ತಮ್ಮೊಳಗೆ ಮಾತಾಡಿಕೊಳ್ಳುವ ಜಿಗ್ಬೀ ಎಂಬ ವೈರ್‌ಲೆಸ್ ಜಾಲ, ಎಲ್ಲ ಭರ್ಜರಿ. ಒಂದೇ ಷರತ್ತು: ಗೋಡೆಯ ಸ್ವಿಚ್ಚು ಸದಾ ಆನ್ ಆಗಿರಬೇಕು. ಕೋಣೆಯಿಂದ ಹೊರಬರುವಾಗ ಸ್ವಿಚ್ ಆರಿಸುವುದನ್ನು ಸದಾಚಾರವೆಂದು ಜೀವಮಾನವಿಡೀ ಕಲಿಸಿದ ತಾಯಿಗೆ ಈ ಷರತ್ತನ್ನು ಹೇಳುವ ಗಂಡಸು ನಾನಲ್ಲ. ಅಮ್ಮ ಅಡುಗೆಮನೆಯ ಸ್ವಿಚ್ ತೆಗೆದರೆ ಬಚ್ಚಲಿನ ದೀಪ ನಡೆಸುವ ಸೆನ್ಸರ್ ಸಾಯುತ್ತಿತ್ತು. ಜಿಗ್ಬೀಯಲ್ಲಿ ಪ್ರತಿ ಬಲ್ಬೂ ಪಕ್ಕದವರ ಸಂದೇಶವನ್ನು ದಾಟಿಸುವ ಅಂಚೆಯವನ ಕೆಲಸವನ್ನೂ ಮಾಡುತ್ತದೆ, ಅದರ ಕರೆಂಟ್ ತೆಗೆದರೆ ಅಂಚೆಯೂ ಬಂದ್. ಬಚ್ಚಲಲ್ಲಿ ಸೋಪು ಹಚ್ಚಿಕೊಂಡು ಕತ್ತಲಲ್ಲಿ ನಿಂತವನಿಗೆ ಮೆಶ್ ನೆಟ್‌ವರ್ಕಿನ ತತ್ತ್ವ ಎಷ್ಟು ಚೆನ್ನಾಗಿ ಅರ್ಥವಾಗುತ್ತದೆಂದರೆ, ಬೇರೆ ಪುಸ್ತಕವೇ ಬೇಡ.

ಮಗಳು ಇನ್ನೊಂದನ್ನು ಕಂಡುಹಿಡಿದಳು. ಸ್ವಿಚ್ಚನ್ನು ಪಟಪಟನೆ ಕೆಲವು ಸಲ ಒತ್ತಿದರೆ ಬಲ್ಬು ತಾನಾಗಿ ಮಿಣಮಿಣ ಎನ್ನುತ್ತದೆ! ಅದು ಆಟವಲ್ಲ, ಬಹಳಷ್ಟು ಸ್ಮಾರ್ಟ್ ಬಲ್ಬುಗಳಲ್ಲಿ ಫ್ಯಾಕ್ಟರಿ ರೀಸೆಟ್‌ನ ವಿಧಾನ. ಅವಳಿಗೆ ಚಪ್ಪಾಳೆಯ ಸಂಭ್ರಮ, ಬಲ್ಬಿಗೆ ಪೂರ್ವಾಶ್ರಮದ ಮರೆವು. ಮತ್ತೆ ಏಣಿ, ಮತ್ತೆ ಆ್ಯಪ್, ಮತ್ತೆ ‘ಸಾಧನವನ್ನು ಹುಡುಕಲಾಗುತ್ತಿದೆ’.

ಕರೆಂಟ್ ಹೋಗಿ ಬಂದ ರಾತ್ರಿಗಳದ್ದು ಬೇರೆಯೇ ಕತೆ. ವಿದ್ಯುತ್ ಮರಳಿದಾಗ ಹೇಗಿರಬೇಕೆಂದು ಮೊದಲೇ ಹೇಳಿಡದಿದ್ದರೆ ಈ ಬಲ್ಬುಗಳು ಸಾಮಾನ್ಯವಾಗಿ ಪೂರ್ತಿ ಬೆಳಕಿನಲ್ಲಿ ಏಳುತ್ತವೆ. ಮೂರು ಗಂಟೆಗೆ ಮನೆಯಿಡೀ ಜಗಮಗ. ಅಮ್ಮ ಎದ್ದು ಹಲ್ಲುಜ್ಜಿಯೂ ಮುಗಿಸಿದ್ದರು. ಆ ಸೆಟ್ಟಿಂಗ್ ಆ್ಯಪಿನ ಎಲ್ಲೋ ಮೂಲೆಯ ಮೆನುವಿನಲ್ಲಿ ಅಡಗಿರುತ್ತದೆ, ಬಲ್ಬು ಹಾಕಿದ ದಿನವೇ ಹುಡುಕಿಕೊಳ್ಳುವುದು ನಿದ್ರೆಗೆ ಕ್ಷೇಮ.

ಶೇಕಡಾ ಲೆಕ್ಕದ ಮೋಸವಂತೂ ಯಾರೂ ಹೇಳುವುದಿಲ್ಲ. ಸಿನಿಮಾ ನೋಡುವಾಗ ಆ್ಯಪಿನಲ್ಲಿ 10 ಪರ್ಸೆಂಟ್ ಎಂದು ಇಟ್ಟರೂ ಕೋಣೆ ಮಂಕಾಗಲೇ ಇಲ್ಲ. ಮಂದ ಬೆಳಕಿಗೆ ಕಣ್ಣಿನ ಪಾಪೆ ಹಿಗ್ಗುವುದರಿಂದ, ಬೆಳಕು ಅಳೆಯುವ ಮೀಟರಿನ 10 ಪರ್ಸೆಂಟ್ ನಮಗೆ ಸುಮಾರು 32 ಪರ್ಸೆಂಟಿನಂತೆ ಕಾಣುತ್ತದೆ. ಹಾಗಾಗಿ ಬಲ್ಬು ಎಷ್ಟು ಉರಿಯುತ್ತದೆ ಎನ್ನುವುದಕ್ಕಿಂತ ಎಷ್ಟು ಕೆಳಗಿಳಿಯುತ್ತದೆ ಎಂದು ಕೇಳಬೇಕು. 10ಕ್ಕೇ ನಿಲ್ಲುವುದು ಸಿನಿಮಾಕ್ಕೆ ಬೇಡ, 1ರವರೆಗೆ ಇಳಿಯುವುದು ಬೇಕು. ಅಂಗಡಿಯಲ್ಲೇ ಬಲ್ಬನ್ನು ಮಂಕು ಮಾಡಿಸಿ ಮೊಬೈಲ್ ಕ್ಯಾಮೆರಾ ಹಿಡಿದು ನೋಡಿ, ಪರದೆಯ ಮೇಲೆ ಕಪ್ಪು ಪಟ್ಟೆಗಳು ಓಡುತ್ತಿದ್ದರೆ ಮಿನುಗಾಟವಿದೆ ಎಂದರ್ಥ. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ.

ಈಗ ನಮ್ಮ ಮನೆಯಲ್ಲಿ ಜಾಣತನವೆಲ್ಲ ಗೋಡೆಯ ಸ್ವಿಚ್ಚಿನಲ್ಲಿ, ಬಲ್ಬುಗಳು ಮುಗ್ಧ. ಅಮ್ಮ ಒತ್ತಿದರೂ ಕೆಲಸ ಮಾಡುತ್ತದೆ, ಆ್ಯಪ್ ಒತ್ತಿದರೂ ಮಾಡುತ್ತದೆ, ಇಂಟರ್‌ನೆಟ್ ಹೋದರೂ ಮಾಡುತ್ತದೆ. ಮುಗ್ಧ ಬಲ್ಬಿನ ಬಣ್ಣ ಬದಲಾಗುವುದಿಲ್ಲ ನಿಜ, ಆದರೆ ಅಡುಗೆಮನೆಗೆ ನೇರಳೆ ಬೆಳಕು ಬೇಕೆಂದು ಈವರೆಗೆ ಯಾರೂ ಹಟ ಹಿಡಿದಿಲ್ಲ.

ಬಣ್ಣದ ಸ್ಮಾರ್ಟ್ ಬಲ್ಬು ಉಳಿದಿರುವುದು ಮಲಗುವ ಕೋಣೆಯಲ್ಲಿ ಮಾತ್ರ. ನನಗೆ 2700 ಕೆಲ್ವಿನ್‌ನ ಹಳದಿ ಬೆಳಕು ಬೇಕು. ಅದರಲ್ಲಿ ಪುಸ್ತಕ ಹಿಡಿದರೆ ನಿದ್ದೆ ಬರುತ್ತದೆಂದು, 4000ದ ಬಿಳಿಯೇ ಇರಲೆಂದು ಹೆಂಡತಿಯ ವಾದ. “ನಿದ್ದೆ ಬರಲೆಂದೇ ಅಲ್ಲವೇ ಮಲಗುವ ಕೋಣೆ?” ಎಂದು ನಾನು ಕೇಳಿದರೆ, “ಅದು ನಿಮಗೆ” ಎಂದಳು. ಹಾಗಾಗಿ ಹಾಸಿಗೆಯ ಎಡಗಡೆ 2700, ಬಲಗಡೆ 4000. ಮಗಳು ನಡುವೆ ಬಂದು ಮಲಗುವ ದಿನ ಎರಡೂ ಹಸಿರು.